ತೂತು ಚಿಕ್ಕದಾದರೆ ಸಾಕೇ?

ವಿದ್ಯಾರ್ಥಿಗಳೇ, ಥೈಮಸ್ ಗ್ರಂಥಿ ಎಲ್ಲಿದೆ ಅಂತ ಕೇಳಿದರೆ ‘ಎದೆಮೂಳೆಯ ಹಿಂದೆ’ ಎಂದು ಬರೆದು ಒಂದು ಅಂಕ ತಗೊಂಡು ಮುಂದೆ ಹೋಗ್ತೀರಿ. ಅಪರೂಪಕ್ಕೆ ಅಲ್ಲೊಂದು ಗೆಡ್ಡೆ ಬೆಳೆಯುತ್ತೆ. ಹೆಸರು ಥೈಮೋಮ. ಈಗ ಅದನ್ನು ಎದೆಮೂಳೆ ಸೀಳದೆ, ಪಕ್ಕೆಲುಬುಗಳ ಸಂದಿನಲ್ಲಿ ಕೆಲವು ಸಣ್ಣ ತೂತು ಮಾಡಿ ತೆಗೆಯಬಹುದು. ರೋಬೋಟ್ ಸರ್ಜರಿ ಅಂತ ಸುದ್ದಿ ಬಂದರೆ ನಾವೆಲ್ಲ ಬೆರಗಾಗಿ ಓದ್ತೀವಿ. ಆದರೆ ತೂತಿನ ಅಳತೆಯನ್ನೇ ಮೆಚ್ಚಿಕೊಂಡು ಕೂತರೆ ಮುಖ್ಯವಾದ ವಿಷಯ ಕೈತಪ್ಪುತ್ತೆ ಅನ್ನೋದು ನನ್ನ ಅಭಿಪ್ರಾಯ.

ಕೆಲಸ ನಡೆಯುವ ರೀತಿ ಚೆನ್ನಾಗಿದೆ, ನೋಡಿ. ಹೊಟ್ಟೆಯ ಆಪರೇಷನ್ನಿನಲ್ಲಿ ಜಾಗ ಮಾಡಲು ಗ್ಯಾಸ್ ತುಂಬಬೇಕು. ಎದೆಯಲ್ಲಿ ಪಕ್ಕೆಲುಬುಗಳೇ ಚಪ್ಪರದ ಗಳಗಳಂತೆ ನಿಂತಿರುತ್ತವೆ. ಅರಿವಳಿಕೆ ವೈದ್ಯರು ಒಂದು ಶ್ವಾಸಕೋಶಕ್ಕೆ ಮಾತ್ರ ಗಾಳಿ ಕೊಟ್ಟು ಇನ್ನೊಂದನ್ನು ಕುಗ್ಗಲು ಬಿಡ್ತಾರೆ. ಕ್ಯಾಮೆರಾ ಓಡಾಡಲು ಜಾಗ ಸಿಕ್ಕಿತು! ಸ್ವೀಡನ್ನಿನ ಯಾಕೋಬಿಯಸ್ 1910ರಲ್ಲೇ ಎದೆಯೊಳಗೆ ಕೊಳವೆ ಇಳಿಸಿ ನೋಡುವ ವಿಧಾನವನ್ನು ಪ್ರಕಟಿಸಿದ್ದರು. ವಿಡಿಯೊ ಕ್ಯಾಮೆರಾ ಸೇರಿ ಅದು ದೊಡ್ಡ ಆಪರೇಷನ್ನುಗಳಿಗೂ ಬಳಕೆಯಾದದ್ದು 1990ರ ದಶಕದಲ್ಲಿ. ನೋವು ಕಡಿಮೆ, ಬೇಗ ಮನೆಗೆ ಹೋಗಬಹುದು. ರೋಬೋಟ್ ಇದ್ದರೂ ಅದನ್ನು ನಡೆಸೋದು ಸರ್ಜನ್ನೇ.

ಆದರೆ ಗೆಡ್ಡೆಯ ಹೊರಪದರ ಒಡೆಯದೆ, ಚೂರೂ ಉಳಿಸದೆ ತೆಗೆಯೋದೇ ಗುರಿ. ಗೆಡ್ಡೆ ದೊಡ್ಡ ರಕ್ತನಾಳಕ್ಕೆ ಅಂಟಿದ್ದರೆ ಎದೆ ತೆರೆಯೋದೇ ಸರಿ. ಹಾಗೆ ಮಾಡಿದ ಡಾಕ್ಟರು ಹಳೇ ಕಾಲದವರು ಅಂತ ಅಲ್ಲ. ಅಂದರೆ, ಸಣ್ಣ ತೂತಿನ ಲಾಭ ಹೆಚ್ಚಾಗಿ ಸಿಗೋದು ಬೇಗ ಪತ್ತೆಯಾದವರಿಗೆ.

ಇಲ್ಲೇ ನಮ್ಮ ನೀಲಗಿರಿಯ ಕಷ್ಟ ಇರೋದು. ಥೈಮೋಮ ಇರುವ ಸುಮಾರು ಮೂರರಲ್ಲಿ ಒಬ್ಬರಿಗೆ ಮಯಸ್ತೇನಿಯಾ ಗ್ರೇವಿಸ್ ಎಂಬ ಸ್ನಾಯು ದೌರ್ಬಲ್ಯವೂ ಇರುತ್ತೆ. ನರದ ಸಂದೇಶ ಸ್ನಾಯುವಿಗೆ ಮುಟ್ಟುವ ಜಾಗವನ್ನು ದೇಹದ ಪ್ರತಿಕಾಯಗಳೇ ಕೆಡಿಸುತ್ತವೆ. ಬೆಳಿಗ್ಗೆ ಪರವಾಗಿಲ್ಲ, ಸಂಜೆಗೆ ರೆಪ್ಪೆ ಜೋತುಬೀಳುತ್ತೆ, ಒಂದು ವಸ್ತು ಎರಡಾಗಿ ಕಾಣುತ್ತೆ, ಅಗಿಯಲು ದವಡೆ ಸೋಲುತ್ತೆ. ಗೂಡಲೂರಿನ ಎಸ್ಟೇಟಿನಲ್ಲಿ ದಿನವಿಡೀ ಟೀ ಎಲೆ ಕಿತ್ತು ಬಂದ ಅಮ್ಮನಿಗೆ ಹೀಗಾದರೆ ಯಾರು ಕಾಯಿಲೆ ಅಂತಾರೆ? ‘ಸುಸ್ತು, ಮಲಗು’ ಅಂತಾರೆ. ಮಲಗಿ ಎದ್ದರೆ ಸ್ವಲ್ಪ ಸರಿಯೂ ಆಗುತ್ತೆ, ಅದೇ ಮೋಸ.

ಜೋತುಬಿದ್ದ ರೆಪ್ಪೆಯ ಮೇಲೆ ಡಾಕ್ಟರು ಎರಡು ನಿಮಿಷ ಐಸ್ ಇಟ್ಟು ನೋಡೋದುಂಟು. ಈ ಕಾಯಿಲೆಯಲ್ಲಿ ತಂಪಿಗೆ ರೆಪ್ಪೆ ಕೊಂಚ ಮೇಲೇಳುತ್ತೆ. ಆಮೇಲೆ ರಕ್ತಪರೀಕ್ಷೆ, ಎದೆಯ ಸಿ.ಟಿ. ಸ್ಕ್ಯಾನ್. ನನ್ನ ಕೇಳಿದರೆ, ಕೋಟಿಗಟ್ಟಲೆ ಬೆಲೆಯ ರೋಬೋಟಿನಷ್ಟೇ ಮರ್ಯಾದೆ ಆ ಐಸ್ ತುಂಡಿಗೂ ಸಿಗಬೇಕು. ಆಪರೇಷನ್ನಿಗೆ ಘಾಟಿ ಇಳಿದು ಕೊಯಮತ್ತೂರಿಗೆ ಹೋಗಬೇಕಾಗಬಹುದು, ಆದರೆ ಮೊದಲ ಪರೀಕ್ಷೆಗೆ ಅಷ್ಟು ದೂರ ಹೋಗಬೇಕಿಲ್ಲ. ಊಟಿಯಲ್ಲೇ ಸರ್ಕಾರಿ ಮೆಡಿಕಲ್ ಕಾಲೇಜಿದೆ.

ರೆಪ್ಪೆ ಜೋತವರಿಗೆಲ್ಲ ಎದೆಯಲ್ಲಿ ಗೆಡ್ಡೆ ಇರುತ್ತೆ ಅಂತ ಮನೆಯಲ್ಲಿ ಹೆದರಿಸಬೇಡಿ. ‘ಸಂಜೆ ಹೆಚ್ಚು, ಬೆಳಿಗ್ಗೆ ಕಡಿಮೆ’ ಅನ್ನೋದನ್ನು ಡಾಕ್ಟರಿಗೆ ಹೇಳಿಸಿ. ನುಂಗೋಕೆ, ಉಸಿರಾಡೋಕೆ ಕಷ್ಟವಾದರೆ ಮಾತ್ರ ಬೆಳಗಾಗಲಿ ಅಂತ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಬಂಡೀಪುರದ ರಸ್ತೆ ರಾತ್ರಿ 9ಕ್ಕೆ ಮುಚ್ಚಿದರೂ ಆಂಬುಲೆನ್ಸನ್ನು ಬಿಡ್ತಾರೆ.