ಗುಂಡು ಹಾರಿದ ಮೇಲಿನ ಲೆಕ್ಕ

ಎನ್‌ಸಿಸಿ ಶಿಬಿರ ಮುಗಿಸಿ ಬಂದ ಮಗನ ಸಮವಸ್ತ್ರವನ್ನು ಒಗೆಯಲು ಹಾಕುವಾಗ ಜೇಬಿನಿಂದ ಹಿತ್ತಾಳೆಯ ಪುಟ್ಟ ಕೊಳವೆಯೊಂದು ಠಣ್ಣೆಂದು ಕೆಳಗೆ ಬೀಳುವುದುಂಟು. ‘ಇದೇನೋ?’ ಎಂದು ತಾಯಿ ಕೇಳಿದರೆ, ‘ಖಾಲಿ ಖೋಖಾ ಅಮ್ಮ, ಫೈರಿಂಗ್‌ನಲ್ಲಿ ನಾನೇ ಹೊಡೆದದ್ದು, ನೆನಪಿಗೆ ತಂದೆ’ ಎಂಬ ಉತ್ತರ ಬರುತ್ತದೆ. ಅದು ಶೋಕೇಸಿನ ಬಹುಮಾನಗಳ ಪಕ್ಕದಲ್ಲಿ ಕೂರುತ್ತದೆ, ಇಲ್ಲವೇ ತಮ್ಮನ ಬಾಯಲ್ಲಿ ಸೀಟಿಯಾಗುತ್ತದೆ. ಖಾಲಿ ಎಂದ ಮೇಲೆ ತೊಂದರೆಯೇನು ಎಂದು ಮನೆಯ ಹಿರಿಯರೂ ಸುಮ್ಮನಾಗುತ್ತಾರೆ.

ಆದರೆ ಆ ಒಂದು ಕೊಳವೆಗಾಗಿ ಫೈರಿಂಗ್ ಮೈದಾನದಲ್ಲಿ ಮಕ್ಕಳೆಲ್ಲರೂ ಬಿಸಿಲಿನಲ್ಲಿ ಸಾಲಾಗಿ ನಿಂತು ಹುಲ್ಲು ತಡಕಾಡಿರಬಹುದು. ಅಧಿಕಾರಿಗಳು ಇಷ್ಟು ಪಟ್ಟು ಹಿಡಿಯುವುದೇಕೆ? ಈ ವಾರ ಅದನ್ನೇ ನೋಡೋಣ.

ಖೋಖಾ ಎಂದರೇನು?

ನಾವು ಮಾತಿನಲ್ಲಿ ಗುಂಡು ಎಂದು ಕರೆಯುವ ಕಾಡತೂಸಿನಲ್ಲಿ ನಾಲ್ಕು ಭಾಗಗಳಿವೆ. ಮುಂದೆ ಗುರಿಯತ್ತ ಹಾರುವ ಗುಂಡು, ಅದರ ಹಿಂದೆ ಮದ್ದು, ಬುಡದಲ್ಲಿ ಆ ಮದ್ದಿಗೆ ಕಿಡಿ ಕೊಡುವ ಪ್ರೈಮರ್, ಇವು ಮೂರನ್ನೂ ಹಿಡಿದಿಡುವ ಹಿತ್ತಾಳೆಯ ಕೋಶ. ಗುಂಡು ಹಾರಿದ ಮೇಲೆ ಉಳಿಯುವ ಈ ಕೋಶವೇ ಖೋಖಾ. ಸೇನೆಯ ಹಿಂದಿಯಿಂದ ನಮ್ಮ ಕೆಡೆಟ್‌ಗಳ ನಾಲಿಗೆಗೆ ಬಂದ ಪದವಿದು.

ಕೋಶಕ್ಕೆ ಹಿತ್ತಾಳೆಯೇ ಏಕೆ ಎಂಬುದು ರಸಾಯನಶಾಸ್ತ್ರದ ವಿದ್ಯಾರ್ಥಿಗಳಿಗೆ ಒಳ್ಳೆಯ ಪ್ರಶ್ನೆ. ಇದರಲ್ಲಿ ಸುಮಾರು 70 ಭಾಗ ತಾಮ್ರ, 30 ಭಾಗ ಸತು ಇರುತ್ತದೆ. ಮದ್ದು ಉರಿದಾಗ ಒಳಗೆ ವಾತಾವರಣದ ಒತ್ತಡದ ಮೂರು ಸಾವಿರ ಪಟ್ಟಿಗೂ ಮೀರಿದ ಒತ್ತಡ ಏಳುತ್ತದೆ. ಕೋಶ ಆ ಕ್ಷಣಕ್ಕೆ ಹಿಗ್ಗಿ ನಳಿಕೆಯ ಬುಡದ ಗೋಡೆಗೆ ಅಂಟಿಕೊಂಡು, ಬಿಸಿ ಅನಿಲ ಹಿಂದಕ್ಕೆ, ಅಂದರೆ ಹೊಡೆಯುವವನ ಮುಖದತ್ತ, ಸೋರದಂತೆ ತಡೆಯುತ್ತದೆ. ಒತ್ತಡ ಇಳಿದೊಡನೆ ಚೂರು ಕುಗ್ಗಿ ಸಡಿಲವಾಗುತ್ತದೆ. ಹೀಗೆ ಹಿಗ್ಗಿ, ಕುಗ್ಗಿ, ಬಿರುಕು ಬಿಡದೆ ಹೊರಬರುವ ಗುಣ ಹಿತ್ತಾಳೆಗಿದೆ. ಹೊರಬರುವಾಗ ಒಂದಿಷ್ಟು ಬಿಸಿಯನ್ನೂ ತನ್ನೊಡನೆ ಒಯ್ಯುತ್ತದೆ. ಆಗಷ್ಟೇ ಬಿದ್ದ ಖೋಖಾ ಮುಟ್ಟಿದರೆ ಚುರುಕ್ಕೆನ್ನುವುದು ಇದರಿಂದಲೇ.

ಎರಡು ಬಗೆಯ ಬಂದೂಕು

ಎನ್‌ಸಿಸಿಯಲ್ಲಿ ಮಕ್ಕಳು ಮೊದಲು ಕೈಗೆತ್ತಿಕೊಳ್ಳುವ .22 ರೈಫಲಿನಲ್ಲಿ ಪ್ರತಿ ಗುಂಡಿಗೂ ಬೋಲ್ಟನ್ನು ಕೈಯಿಂದಲೇ ಹಿಂದೆಳೆಯಬೇಕು. ಆಗ ಖೋಖಾ ಪಕ್ಕದಲ್ಲೇ ಬೀಳುತ್ತದೆ. ಐದು ಗುಂಡು ಹೊಡೆದವನ ಮೊಣಕೈ ಬಳಿ ಐದು ಖೋಖಾ. ಹೆಕ್ಕಿಕೊಳ್ಳುವುದು ಸುಲಭ.

ಅರೆ-ಸ್ವಯಂಚಾಲಿತ ರೈಫಲಿನಲ್ಲಿ ಹಾಗಲ್ಲ. ನಮ್ಮ ಸೇನೆ ಮತ್ತು ಪೊಲೀಸ್ ಪಡೆಗಳು ದಶಕಗಳ ಕಾಲ ಬಳಸಿದ 7.62 ಮಿಮೀ ಎಸ್‌ಎಲ್‌ಆರ್ ಇದಕ್ಕೆ ಉದಾಹರಣೆ. ಬೆಲ್ಜಿಯಂನ ವಿನ್ಯಾಸವನ್ನು ಆಧರಿಸಿ ಪಶ್ಚಿಮ ಬಂಗಾಳದ ಇಶಾಪುರದ ಕಾರ್ಖಾನೆಯಲ್ಲಿ ತಯಾರಾದ ರೈಫಲಿದು. ಗುಂಡನ್ನು ತಳ್ಳುವ ಅನಿಲದ ಒಂದಂಶ ನಳಿಕೆಯ ರಂಧ್ರದಿಂದ ಮೇಲೇರಿ ಪಿಸ್ಟನ್ನನ್ನು ಹಿಂದಕ್ಕೆ ದೂಡುತ್ತದೆ. ಅದರಿಂದ ಬೋಲ್ಟ್ ಹಿಂದೆ ಸರಿಯುತ್ತದೆ. ಬೋಲ್ಟಿನ ಕೊಕ್ಕೆ ಖೋಖಾದ ಅಂಚನ್ನು ಹಿಡಿದೆಳೆಯುತ್ತದೆ, ಎಜೆಕ್ಟರ್ ಎಂಬ ಭಾಗ ಅದನ್ನು ಬಲಗಡೆಯ ಕಿಂಡಿಯಿಂದ ಹೊರಕ್ಕೆ ಚಿಮ್ಮಿಸುತ್ತದೆ. ಮರಳಿ ಬರುವ ಬೋಲ್ಟ್ ಮ್ಯಾಗಜಿನ್‌ನಿಂದ ಮುಂದಿನ ಕಾಡತೂಸನ್ನು ತಳ್ಳಿಕೊಂಡು ಬರುತ್ತದೆ. ಒಂದು ಸಲ ಟ್ರಿಗರ್ ಎಳೆದರೆ ಒಂದೇ ಗುಂಡು. ಉಳಿದ ಕೆಲಸವೆಲ್ಲ ಕಣ್ಣು ಮಿಟುಕಿಸುವುದರೊಳಗೆ ತಾನಾಗಿ ಆಗುತ್ತದೆ.

ಹೀಗೆ ಚಿಮ್ಮಿದ ಖೋಖಾ ಹಲವು ಅಡಿ ದೂರ ಬೀಳುತ್ತದೆ. ಎಸ್‌ಎಲ್‌ಆರ್‌ನಲ್ಲಿ ಪಿಸ್ಟನ್ನಿಗೆ ಹೋಗುವ ಅನಿಲವನ್ನು ಹೆಚ್ಚು ಕಡಿಮೆ ಮಾಡುವ ಏರ್ಪಾಡಿದೆ. ಅನಿಲ ಹೆಚ್ಚಾದರೆ ಖೋಖಾ ದೂರ ಹಾರುತ್ತದೆ, ಕಡಿಮೆಯಾದರೆ ಕಿಂಡಿಯಲ್ಲೇ ಸಿಕ್ಕಿಕೊಳ್ಳಬಹುದು. ಆದ್ದರಿಂದ ಖೋಖಾ ಎಲ್ಲಿ, ಹೇಗೆ ಬೀಳುತ್ತಿದೆ ಎಂಬುದನ್ನು ನೋಡಿಯೇ ಅನುಭವಿ ತರಬೇತುದಾರರು ರೈಫಲಿನ ಆರೋಗ್ಯವನ್ನು ಅಂದಾಜು ಮಾಡುತ್ತಾರೆ.

ಪಕ್ಕದವನ ಕತ್ತು

ಚಿಮ್ಮುವ ಖೋಖಾದ ದಾರಿಯಲ್ಲಿ ಇರುವುದು ಬಲಗಡೆ ಮಲಗಿರುವ ಸಹಪಾಠಿ. ಬಿಸಿ ಹಿತ್ತಾಳೆ ಅಂಗಿಯ ಕಾಲರಿನೊಳಗೆ ಜಾರಿದರೆ ಆಗುವ ಸುಟ್ಟಗಾಯ ಸಾಮಾನ್ಯವಾಗಿ ಸಣ್ಣದು. ನಿಜವಾದ ಅಪಾಯ ಬೇರೆ. ಉರಿ ತಾಳದೆ ಹುಡುಗ ಥಟ್ಟನೆ ಹೊರಳಿದರೆ, ಕೈಯಲ್ಲಿರುವ ತುಂಬಿದ ರೈಫಲೂ ಅವನೊಡನೆ ಹೊರಳುತ್ತದೆ. ಅದರ ಬಾಯಿ ಯಾರ ಕಡೆ ತಿರುಗೀತು?

ಕಾಲರಿನ ಗುಂಡಿ ಹಾಕಿಕೊಳ್ಳಿ, ತೋಳು ಮಡಚಬೇಡಿ, ಟೋಪಿ ತೆಗೆಯಬೇಡಿ ಎಂದು ಉಸ್ತಾದರು ಗದರುವುದು ಇದಕ್ಕಾಗಿ. ಬಿಸಿ ಖೋಖಾ ಮೈಮೇಲೆ ಬಿದ್ದರೂ ಮೊದಲು ಬೆರಳು ಟ್ರಿಗರಿನಿಂದ ಹೊರಬರಬೇಕು. ರೈಫಲಿನ ಬಾಯಿ ಗುರಿಯ ಕಡೆಗೇ ಇರಬೇಕು. ರೈಫಲನ್ನು ಕೆಳಗಿಟ್ಟ ಮೇಲೆ ಅಂಗಿ ಕೊಡವಿಕೊಳ್ಳಬಹುದು. ಈ ಕ್ರಮವನ್ನು ಖಾಲಿ ರೈಫಲಿನಲ್ಲೇ ನಾಲ್ಕಾರು ಬಾರಿ ಅಭ್ಯಾಸ ಮಾಡಿದವರಿಗೆ ಸಮಯಕ್ಕೆ ಅದು ನೆನಪಾಗುತ್ತದೆ. ಅಂತರರಾಷ್ಟ್ರೀಯ ಸ್ಪರ್ಧೆಗಳ 25 ಮೀಟರ್ ಪಿಸ್ತೂಲು ಅಂಕಣಗಳಲ್ಲಿ ಸ್ಪರ್ಧಿಗಳ ನಡುವೆ ತಡಿಕೆ ನಿಲ್ಲಿಸುವುದು ಕೂಡ ಚಿಮ್ಮುವ ಖೋಖಾಗಳಿಂದ ಪಕ್ಕದವರನ್ನು ಕಾಪಾಡಲೆಂದೇ.

ಹೆಕ್ಕುವ ಕ್ರಮ

ಫೈರಿಂಗ್ ನಡೆಯುತ್ತಿರುವಾಗ ಖೋಖಾಕ್ಕೆ ಕೈಚಾಚುವಂತಿಲ್ಲ. ‘ಖಾಲಿ ಕರ್’ ಆಜ್ಞೆಯಾಗಿ, ಪ್ರತಿ ರೈಫಲನ್ನೂ ಪರೀಕ್ಷಿಸಿ, ಅಧಿಕಾರಿ ಅನುಮತಿ ಕೊಟ್ಟ ಮೇಲೆಯೇ ಈ ಕೆಲಸ.

ಬುದ್ಧಿವಂತರು ಹೆಕ್ಕುವ ಕಷ್ಟವನ್ನು ಮೊದಲೇ ಕಡಿಮೆ ಮಾಡಿಕೊಳ್ಳುತ್ತಾರೆ. ಹುಲ್ಲು ಕತ್ತರಿಸಿ, ಬಲಗಡೆ ಟಾರ್ಪಾಲು ಹಾಸಿದರೆ ಬಹುಪಾಲು ಖೋಖಾ ಅದರ ಮೇಲೇ ಬೀಳುತ್ತದೆ. ನಾಲ್ಕು ಮೂಲೆ ಹಿಡಿದೆತ್ತಿದರೆ ಕೆಲಸ ಮುಗಿಯಿತು. ಕಿಂಡಿಯ ಬಳಿ ಬಲೆಯ ಚೀಲ ಕಟ್ಟುವ ಪದ್ಧತಿಯೂ ಉಂಟು. ಆದರೆ ಚೀಲ ತುಂಬಿದರೆ ಖೋಖಾ ಪುಟಿದು ಮತ್ತೆ ಕಿಂಡಿಗೆ ಬಿದ್ದು ರೈಫಲು ಕಚ್ಚಿಕೊಳ್ಳಬಹುದು. ಆಗಾಗ ಬರಿದು ಮಾಡುತ್ತಿರಬೇಕು.

ಹುಲ್ಲಿನಲ್ಲಿ ಬಿದ್ದದ್ದನ್ನು ಆಯಸ್ಕಾಂತದಿಂದ ಎತ್ತಬಹುದಲ್ಲ ಎಂದು ಜಾಣ ವಿದ್ಯಾರ್ಥಿ ಕೇಳಬಹುದು. ಆಗದು, ಹಿತ್ತಾಳೆ ಆಯಸ್ಕಾಂತಕ್ಕೆ ಅಂಟುವುದಿಲ್ಲ. ಭುಜಕ್ಕೆ ಭುಜ ತಾಗಿಸಿ ಸಾಲಾಗಿ ನಡೆಯುತ್ತ ಕಣ್ಣಿನಿಂದಲೇ ಹುಡುಕಬೇಕು. ಇಡೀ ದಿನದ್ದನ್ನು ಸಂಜೆಗೆ ಒಟ್ಟಿಗೆ ಎಣಿಸುವ ಬದಲು ಒಂದೊಂದು ತಂಡ, ಅಂದರೆ ಡಿಟೇಲ್, ಮುಗಿದೊಡನೆ ಎಣಿಸಿದರೆ ತಪ್ಪು ಎಲ್ಲಿ ಆಯಿತೆಂದು ಬೇಗ ತಿಳಿಯುತ್ತದೆ.

ಒಂದು ಎಲ್ಲಿ ಹೋಯಿತು?

ಈಗ ಲೆಕ್ಕಕ್ಕೆ ಬರೋಣ. 40 ಕೆಡೆಟ್‌ಗಳಿಗೆ ತಲಾ 5ರಂತೆ 200 ಕಾಡತೂಸು ಕೊಟ್ಟರೆಂದು ಇಟ್ಟುಕೊಳ್ಳಿ. ಕೊನೆಗೆ ಸಿಕ್ಕ ಖೋಖಾ 196. ಸಿಡಿಯದೆ ಉಳಿದದ್ದು 1. ಹೊಡೆಯದೆ ಹಿಂತಿರುಗಿಸಿದ್ದು 2. ಒಟ್ಟು 199. ಒಂದು ಎಲ್ಲಿ?

ಹುಲ್ಲಿನಲ್ಲಿ ಹೂತ ಖಾಲಿ ಖೋಖಾ ಇರಬಹುದು. ಯಾರದೋ ಜೇಬಿನಲ್ಲಿರುವ ಜೀವಂತ ಕಾಡತೂಸೂ ಇರಬಹುದು. ಸಿಗುವ ತನಕ ಯಾವುದೆಂದು ಯಾರೂ ಹೇಳಲಾರರು. ಖೋಖಾಕ್ಕೆ ಗುಜರಿಯಲ್ಲಿ ಎಷ್ಟು ಬೆಲೆ ಎಂಬುದು ಇಲ್ಲಿ ಮುಖ್ಯವಲ್ಲ. ಒಂದು ಗುಂಡು ನಿಜವಾಗಿ ಹಾರಿತೆನ್ನುವುದಕ್ಕೆ ಕೈಗೆ ಸಿಗುವ ಸಾಕ್ಷಿ ಅದೊಂದೇ. ನೆನಪಿಗೆಂದು ಒಂದನ್ನು ಜೇಬಿಗಿಳಿಸಿದವನು ಆ ಸಾಕ್ಷಿಯನ್ನೇ ಅಳಿಸುತ್ತಾನೆ. ಅವನ ಒಂದು ಆಸೆಗೆ ಎಲ್ಲರೂ ಅನುಮಾನಕ್ಕೆ ಗುರಿಯಾಗುತ್ತಾರೆ.

ಸಿಡಿಯದ ಕಾಡತೂಸು ಖಾಲಿಗಳ ನಡುವೆ ಸೇರುವುದು ಇನ್ನೂ ಅಪಾಯಕರ. ಟ್ರಿಗರ್ ಎಳೆದಾಗ ಗುಂಡು ಹಾರದಿದ್ದರೆ ರೈಫಲಿನ ಬಾಯನ್ನು ಗುರಿಯತ್ತಲೇ ಇಟ್ಟು, ಕನಿಷ್ಠ 30 ಸೆಕೆಂಡು ಕಾದು, ತರಬೇತುದಾರರನ್ನು ಕರೆಯಬೇಕು. ಕಿಡಿ ತಡವಾಗಿ ಹತ್ತುವ ಸಂಭವವಿದೆ. ಹೊರತೆಗೆದ ಮೇಲೆ ಅದನ್ನು ಬೇರೆ ಡಬ್ಬಿಯಲ್ಲಿಡಬೇಕು. ಬುಡದಲ್ಲಿ ತಗ್ಗು ಬಿದ್ದಿದೆಯೆಂದು ಖಾಲಿ ಎಂದುಕೊಳ್ಳಬಾರದು. ಸೂಜಿ ಬಡಿದಿದೆ ಎಂದಷ್ಟೇ ಅದರರ್ಥ. ಪ್ರತಿಯೊಂದರ ಬಾಯನ್ನೂ ನೋಡಿಯೇ ಡಬ್ಬಿಗೆ ಹಾಕಬೇಕು. ಎಸ್‌ಎಲ್‌ಆರ್‌ನ ತುಂಬಿದ ಕಾಡತೂಸಿನ ತೂಕ ಸುಮಾರು 24 ಗ್ರಾಂ, ಖಾಲಿಯದು ಅದರ ಅರ್ಧದಷ್ಟು. ಅಂಗೈಯಲ್ಲಿಟ್ಟರೇ ವ್ಯತ್ಯಾಸ ತಿಳಿಯುತ್ತದೆ.

ಕಸದ ನಡುವೆ ಜೀವಂತ ಮದ್ದು ಸೇರಿದರೆ ಏನಾದೀತೆಂಬುದನ್ನು 2004ರಲ್ಲಿ ದೇಶ ಕಂಡಿತು. ದೆಹಲಿ ಬಳಿಯ ಗಾಜಿಯಾಬಾದಿನ ಉಕ್ಕಿನ ಕಾರ್ಖಾನೆಗೆ ವಿದೇಶದಿಂದ ಬಂದ ಗುಜರಿಯಲ್ಲಿ ಸಿಡಿಯದ ಶೆಲ್‌ಗಳಿದ್ದು, ಸ್ಫೋಟದಲ್ಲಿ ಕಾರ್ಮಿಕರು ಪ್ರಾಣ ಕಳೆದುಕೊಂಡರು. ಅವು ಕಾಡತೂಸಿಗಿಂತ ಬಹಳ ದೊಡ್ಡವು, ನಿಜ. ಆದರೆ ನೋಡದೆ ಖಾಲಿ ಎಂದು ನಂಬುವ ತಪ್ಪು ಎರಡು ಕಡೆಯೂ ಒಂದೇ.

ಖೋಖಾದ ಮೇಲಿನ ಸಹಿ

ಪ್ರತಿ ಬಂದೂಕಿನ ಸೂಜಿ, ಕೊಕ್ಕೆ, ಎಜೆಕ್ಟರ್‌ಗಳು ಹಿತ್ತಾಳೆಯ ಮೇಲೆ ತಮ್ಮದೇ ಗೀರು ಮೂಡಿಸುತ್ತವೆ. ಇವನ್ನು ಸೂಕ್ಷ್ಮದರ್ಶಕದಲ್ಲಿ ಅಕ್ಕಪಕ್ಕ ಇಟ್ಟು ಹೋಲಿಸಿದರೆ ಎರಡು ಖೋಖಾ ಒಂದೇ ಬಂದೂಕಿನದೇ ಎಂದು ತಜ್ಞರು ಹೇಳಬಲ್ಲರು. 2015ರಲ್ಲಿ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ ಅವರ ಹತ್ಯೆಗೂ 2017ರಲ್ಲಿ ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಅವರ ಹತ್ಯೆಗೂ ಬಳಕೆಯಾದದ್ದು ಒಂದೇ 7.65 ಮಿಮೀ ನಾಡ ಪಿಸ್ತೂಲು ಎಂದು ವಿಧಿವಿಜ್ಞಾನ ಪ್ರಯೋಗಾಲಯ ಹೇಳಿದ್ದು ಗುಂಡು ಮತ್ತು ಖೋಖಾಗಳ ಇಂಥ ಗುರುತುಗಳಿಂದಲೇ. ನೆಲಕ್ಕೆ ಬಿದ್ದ ಹಿತ್ತಾಳೆಯ ಚೂರು ಇಷ್ಟು ಮಾತನಾಡುತ್ತದೆ. ಅದು ಬೇಕಾಬಿಟ್ಟಿ ಊರೆಲ್ಲ ಸುತ್ತಬಾರದು ಎನ್ನುವುದಕ್ಕೆ ಇದೂ ಒಂದು ಕಾರಣ.

ಪೋಷಕರಿಗೆ ನಾಲ್ಕು ಮಾತು

ಖೋಖಾವನ್ನು ಸೀಟಿ ಮಾಡಲು ಬಿಡಬೇಡಿ. ಸಾಮಾನ್ಯ ಪ್ರೈಮರ್‌ಗಳಲ್ಲಿ ಸೀಸದ ಸಂಯುಕ್ತವಿರುತ್ತದೆ, ಅದರ ಮಸಿ ಖೋಖಾದ ಒಳಗೆಲ್ಲ ಅಂಟಿರುತ್ತದೆ. ಸೀಸ ಚಿಕ್ಕ ಮಕ್ಕಳ ಮೆದುಳಿನ ಬೆಳವಣಿಗೆಗೆ ಮಾರಕ. ಫೈರಿಂಗ್ ಮುಗಿಸಿದ ಮಕ್ಕಳು ಸೋಪಿನಿಂದ ಕೈ ತೊಳೆದ ಮೇಲೆಯೇ ತಿಂಡಿ ಮುಟ್ಟಬೇಕು. ಆ ದಿನದ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ.

ಖೋಖಾವನ್ನು ಒಲೆಗೆ ಹಾಕುವುದು, ಕೊರೆಯುವುದು, ಕೀಚೈನ್ ಮಾಡಲು ಹೋಗುವುದು ಬೇಡ. ವಿದೇಶಗಳಲ್ಲಿ ಹವ್ಯಾಸಿಗಳು ಖಾಲಿ ಖೋಖಾಕ್ಕೆ ಮತ್ತೆ ಮದ್ದು ತುಂಬುವುದನ್ನು ಮಕ್ಕಳು ವಿಡಿಯೋಗಳಲ್ಲಿ ನೋಡಿರಬಹುದು. ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಕಾಡತೂಸು ತಯಾರಿಸುವುದು ಅಪರಾಧ. ಪರವಾನಗಿಯಿಲ್ಲದೆ ಜೀವಂತ ಕಾಡತೂಸು ಇಟ್ಟುಕೊಳ್ಳುವುದೂ ಅಪರಾಧವೇ. ಶಾಲಾ ಚೀಲದ ಮೂಲೆಯಲ್ಲಿ ಮರೆತ ಖೋಖಾ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕಿದರೆ, ಖಾಲಿಯೇ ಆದರೂ ವಿವರಣೆ ಕೊಡುತ್ತ ನಿಲ್ಲಬೇಕಾದೀತು. ಮನೆಯಲ್ಲಿ ಇಂಥದ್ದು ಕಂಡರೆ ಗದರದೆ, ಬಚ್ಚಿಡದೆ, ಕಸಕ್ಕೂ ಎಸೆಯದೆ ಶಾಲೆಯ ಎನ್‌ಸಿಸಿ ಅಧಿಕಾರಿಗೆ ತಿಳಿಸಿ. ತುದಿಯಲ್ಲಿ ಗುಂಡು ಇನ್ನೂ ಇದೆ ಎಂದು ಕಂಡರೆ ಮಕ್ಕಳನ್ನು ದೂರವಿಟ್ಟು ಪೊಲೀಸರಿಗೆ ಫೋನ್ ಮಾಡಿ.

ಫೈರಿಂಗ್ ದಿನ ಮಕ್ಕಳು ಮನೆಗೆ ಬಂದೊಡನೆ ‘ಎಷ್ಟು ಗುಂಡು ಗುರಿಗೆ ಬಿತ್ತು?’ ಎಂದು ಎಲ್ಲರೂ ಕೇಳುತ್ತೇವೆ. ಅದರ ಜೊತೆಗೆ ‘ಲೆಕ್ಕ ಸರಿಹೋಯಿತೇ?’ ಎಂದೂ ಕೇಳಿ. ಗುರಿ ತಪ್ಪಿದ ಗುಂಡಿಗೆ ಅಂಕವಷ್ಟೇ ಹೋಗುತ್ತದೆ, ಮುಂದಿನ ಸಲ ಸರಿಮಾಡಿಕೊಳ್ಳಬಹುದು. ಲೆಕ್ಕ ತಪ್ಪಿದ ಕಾಡತೂಸಿನ ವಿಷಯದಲ್ಲಿ ಆ ಭರವಸೆ ಇಲ್ಲ.