ಹಳೆಯ ಪುಟ ನಂಬಿ ಹೊಸ ಜಗಳ



ಕಳೆದ ವರ್ಷ ತೊಗರಿ ಸುಗ್ಗಿಯ ಕಾಲದಲ್ಲಿ ನನ್ನ ಷಡ್ಡಕರ ಊರಾದ ಬಸವಕಲ್ಯಾಣಕ್ಕೆ ಹೋಗಿದ್ದೆ. ಅಲ್ಲಿ ಅಡಿಕೆಯಿಲ್ಲ, ಕಾಫಿಯಿಲ್ಲ; ತೊಗರಿ, ಸೋಯಾ, ಕಡಲೆಯ ಸೀಮೆ. ಆದರೆ ಧಾರಣೆಯ ಚಿಂತೆ ಎಲ್ಲ ಕಡೆಯೂ ಒಂದೇ. ಬೆಳಿಗ್ಗೆ ಕಂಪ್ಯೂಟರಿನಲ್ಲಿ ಹುಮನಾಬಾದಿನ ಬೆಲೆ ಹೆಚ್ಚು ಕಂಡು, ಷಡ್ಡಕರು ಮಾಲನ್ನು ಅಲ್ಲಿಗೇ ಸಾಗಿಸಿದರು. ಅಲ್ಲಿ ಹೇಳಿದ ಬೆಲೆ ಕಡಿಮೆ. ಮೋಸವೆಂದು ದಲಾಲರ ಮೇಲೆ ಕೂಗಾಡಿದರು, ನಾನೂ ದನಿಗೂಡಿಸಿದೆ. ಮಾಲು ಮರಳಿ ಬಂತು.

ಮನೆಯಲ್ಲಿ ಅವರ ಮಗಳು, “ಅಪ್ಪಾ, ನೀ ನೋಡಿದ್ದು ಮೊನ್ನಿ ಪುಟ ಅದ” ಎಂದು ಎರಡು ಮೂರು ಗುಂಡಿ ಒತ್ತಿದಳು. ದಲಾಲರು ಹೇಳಿದ ಬೆಲೆಯೇ ಮೂಡಿತು! ಪುಟದ ದಿನಾಂಕವನ್ನು ನಾವಿಬ್ಬರೂ ನೋಡಿರಲಿಲ್ಲ. ಮರುದಿನ ಹೋಗಿ ಕ್ಷಮೆ ಕೇಳಿದೆವು. ಲಾರಿ ಬಾಡಿಗೆ ಮಾತ್ರ ಹೋದದ್ದು ಹೋಯಿತು.

ಬ್ರೌಸರು ಒಮ್ಮೆ ತಂದ ಪುಟ, ಚಿತ್ರಗಳನ್ನು ನಮ್ಮ ಯಂತ್ರದಲ್ಲೇ ಕೂಡಿಡುತ್ತದೆ. ಈ ದಾಸ್ತಾನಿಗೆ ಕ್ಯಾಶ್ ಎನ್ನುತ್ತಾರೆ. ಇದು ದೋಷವಲ್ಲ, ಉಪಕಾರವೇ. ಸಿಗ್ನಲ್ ಹುಡುಕುತ್ತ ಗುಡ್ಡ ಹತ್ತುವ ನಮಗೆ ಸಮಯವೂ ಡೇಟಾವೂ ಉಳಿಯುತ್ತದೆ. ಆದರೆ ದಿನದಿನಕ್ಕೂ ಬದಲಾಗುವ ಧಾರಣೆಗೆ ಹಳೆಯ ದಾಸ್ತಾನು ಒದಗದು.

ಪರಿಹಾರ ಸುಲಭ. ವಿಂಡೋಸ್ ಯಂತ್ರದಲ್ಲಿ ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಯಾವುದೇ ಇರಲಿ, ಕಂಟ್ರೋಲ್ ಹಾಗೂ ಶಿಫ್ಟ್ ಹಿಡಿದು ಆರ್ ಒತ್ತಿರಿ. ಕಂಟ್ರೋಲ್ ಹಿಡಿದು ಎಫ್ 5 ಒತ್ತಿದರೂ ಆದೀತು. ಆಗ ಅದು ದಾಸ್ತಾನು ಬಿಟ್ಟು ಮೂಲದಿಂದಲೇ ಪುಟ ತರುತ್ತದೆ. ಮೊಬೈಲಿನಲ್ಲಿ ಪ್ರೈವೇಟ್ ಅಥವಾ ಇನ್‌ಕಾಗ್ನಿಟೊ ಕಿಟಕಿಯಲ್ಲಿ ತೆರೆದು ನೋಡಬಹುದು; ಇಲ್ಲವೇ ಸೆಟ್ಟಿಂಗ್ಸ್‌ನಲ್ಲಿ ಕ್ಯಾಶ್ ಮಾತ್ರ ಅಳಿಸಬಹುದು. ಪಾಸ್‌ವರ್ಡುಗಳನ್ನೂ ಅಳಿಸಿಕೊಂಡು ಪರದಾಡಬೇಡಿ. ಮೂಲದಲ್ಲೇ ಹೊಸ ಬೆಲೆ ಏರಿಸದಿದ್ದರೆ ಯಾವ ಗುಂಡಿಯೂ ನೆರವಾಗದು. ಆದ್ದರಿಂದ ದಿನಾಂಕ ನೋಡುವುದು ಎಲ್ಲಕ್ಕಿಂತ ಮುಖ್ಯ.

ನನ್ನ ಅಭಿಪ್ರಾಯವಿಷ್ಟೆ. ನಮ್ಮ ಸಂಘದ ಫಲಕದಲ್ಲಿ ರಾಶಿ, ಬೆಟ್ಟೆ, ಅರೇಬಿಕಾ, ರೊಬಸ್ಟಾ ಬೆಲೆ ಬರೆಯುವ ಮುನ್ನ ಸಿಬ್ಬಂದಿ ಪುಟವನ್ನು ಹೊಸದಾಗಿ ತರಿಸಿ, ದಿನಾಂಕ, ವೇಳೆಗಳನ್ನೂ ಬರೆಯುವುದು ಕಡ್ಡಾಯವಾಗಬೇಕು. ಧಾರಣೆ ಪ್ರಕಟಿಸುವವರೂ ತಮ್ಮ ಪುಟ ಹೆಚ್ಚು ಹೊತ್ತು ದಾಸ್ತಾನಿನಲ್ಲಿ ಉಳಿಯದಂತೆ ಸರ್ವರಿನಿಂದಲೇ ಸೂಚನೆ ಕೊಡಬಹುದು, ಅದಕ್ಕೆ ವ್ಯವಸ್ಥೆಯಿದೆ. ವ್ಯಾಪಾರಿಯ ತಕ್ಕಡಿಯನ್ನು ಶಂಕಿಸುವ ನಾವು, ನಮ್ಮ ಕೈಯಲ್ಲಿರುವ ಪರದೆಯನ್ನೂ ಒಮ್ಮೆ ಶಂಕಿಸಬೇಡವೇ?

— ಕಾರ್ಯದರ್ಶಿ