ಬಿಸಾಡುವ ಮೊದಲು ಬಿಚ್ಚಿ ನೋಡಿ



ಕುಂಟುತ್ತ ಓಡುವ ಚಿಕ್ಕ ಎಂಜಿನ್ನೊಂದನ್ನು ಪರೀಕ್ಷಿಸದೆ ಬಿಸಾಡುವುದು ಹಣದ ಪೋಲು ಮಾತ್ರವಲ್ಲ, ಬುದ್ಧಿಯ ಸೋಮಾರಿತನವೂ ಹೌದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಮಾತು ಕಟುವೆನಿಸಬಹುದು. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿಯೂ ಬಂಧುಗಳಲ್ಲಿಯೂ ಹಲವರು ಈಗ ಮಿನ್ನೆಸೋಟ, ಮಿಷಿಗನ್, ಒಂಟಾರಿಯೊಗಳಂಥ ಹಿಮದ ನಾಡುಗಳಲ್ಲಿ ನೆಲೆಸಿದ್ದಾರೆ. ಅವರಲ್ಲಿ ಹೆಚ್ಚಿನವರು ಎಂಜಿನಿಯರುಗಳು.

ಮಿನಿಯಾಪೊಲಿಸ್‌ನಲ್ಲಿ ಮಗಳ ಮನೆಯಲ್ಲಿ ನಾನು ಚಳಿಗಾಲವನ್ನು ಕಳೆದಿದ್ದೇನೆ. ಹಿಮಪಾತ ನಿಂತ 24 ಗಂಟೆಗಳೊಳಗೆ ಮನೆಯ ಮುಂದಿನ ಕಾಲುದಾರಿಯನ್ನು ಮನೆಯವರೇ ತೆರವು ಮಾಡಬೇಕೆಂಬುದು ಆ ನಗರದ ನಿಯಮ. ಹಿಮವನ್ನು ಸುರುಳಿಯಿಂದ ಒಳಗೆಳೆದು ಕೊಳವೆಯ ಮೂಲಕ ಬದಿಗೆ ತೂರುವ ಸ್ನೋ ಬ್ಲೋವರ್ ಅಲ್ಲಿ ಶೋಕಿಯ ವಸ್ತುವಲ್ಲ. ಅದು ಕೈಕೊಟ್ಟರೆ ಸಲಿಕೆ ಹಿಡಿಯಬೇಕು. ಕೊರೆಯುವ ಚಳಿಯಲ್ಲಿ ಒದ್ದೆ ಹಿಮವನ್ನು ಎತ್ತುವುದು ವಯಸ್ಸಾದವರ ಹೃದಯಕ್ಕೆ ಅಪಾಯವೆಂದು ಅಲ್ಲಿನ ವೈದ್ಯರು ಎಚ್ಚರಿಸುತ್ತಲೇ ಇರುತ್ತಾರೆ.

ಇಂಥ ಯಂತ್ರ ಒಮ್ಮೆ ಅಬ್ಬರಿಸಿ, ಒಮ್ಮೆ ಉಸಿರುಗಟ್ಟಿ ಓಡತೊಡಗಿದಾಗ ಕೇಳಿಬರುವ ತೀರ್ಪು ಒಂದೇ: ‘ಇದರ ಆಯುಸ್ಸು ಮುಗಿಯಿತು, ಹೊಸದು ಕೊಳ್ಳಿ.’ ಒಂದು ರಿಪೇರಿ ಅಂಗಡಿಯವರು ಒಂದು ಮೊಳೆಯನ್ನೂ ಸಡಿಲಿಸದೆ ನಮಗೂ ಹಾಗೆಯೇ ಹೇಳಿದರು. “ಮಾವ, ಇಲ್ಲಿ ರಿಪೇರಿಯ ಕೂಲಿಗಿಂತ ಹೊಸದೇ ಲೇಸು” ಎಂದರು ಅಳಿಯಂದಿರು. ಕೂಲಿ ದುಬಾರಿ ಎಂಬುದು ನಿಜ. ಆದರೆ ಮೊದಲ ಪರೀಕ್ಷೆಗೆ ಕೂಲಿಯವನೇ ಬೇಡ. ಅರ್ಧ ಗಂಟೆ, ಒಂದು ಸ್ಪ್ಯಾನರ್, ಸ್ವಲ್ಪ ತರ್ಕ ಸಾಕು.

ಪೆಟ್ರೋಲ್ ಎಂಜಿನ್ನಿಗೆ ಬೇಕಾದುದು ನಾಲ್ಕು: ಗಾಳಿ, ಇಂಧನ, ಕಿಡಿ, ಒತ್ತಡ. ವೇಗ ಏರುತ್ತ ಇಳಿಯುತ್ತ ಇದ್ದರೆ ಬಹುಮಟ್ಟಿಗೆ ಇಂಧನ ಸಾಲುತ್ತಿಲ್ಲವೆಂದು ಅರ್ಥ. ವೇಗ ಕುಸಿದೊಡನೆ ಗವರ್ನರ್ ಥ್ರಾಟಲನ್ನು ತೆರೆಯುತ್ತದೆ, ವೇಗ ಏರಿದೊಡನೆ ಮುಚ್ಚುತ್ತದೆ. ಈ ಎಳೆದಾಟವೇ ನಮಗೆ ಕೇಳಿಸುವ ಏರಿಳಿತ. ಈಗ ಚೋಕನ್ನು ಅರ್ಧ ಎಳೆದು ನೋಡಿ. ಗಾಳಿ ಕಡಿಮೆಯಾದಾಗ ಎಂಜಿನ್ ಸುಗಮವಾಗಿ ಓಡಿದರೆ, ಕಾರ್ಬುರೇಟರಿನ ಜೆಟ್ ಕಟ್ಟಿಕೊಂಡಿರಬೇಕು, ಇಲ್ಲವೇ ಎಲ್ಲೋ ಸಂದಿಯಿಂದ ಹೆಚ್ಚುವರಿ ಗಾಳಿ ನುಗ್ಗುತ್ತಿರಬೇಕು. ಹತ್ತು ಹದಿನೈದು ನಿಮಿಷ ಚೆನ್ನಾಗಿ ಓಡಿ ಆಮೇಲೆ ನಿಲ್ಲುತ್ತದೆಯೇ? ಟ್ಯಾಂಕಿನ ಮುಚ್ಚಳವನ್ನು ಸಡಿಲಿಸಿ. ಆಗ ಮತ್ತೆ ಓಡಿದರೆ ಮುಚ್ಚಳದ ಗಾಳಿರಂಧ್ರ ಮುಚ್ಚಿಹೋಗಿದೆ. ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ಮಸಿಯನ್ನು ನೋಡಿ, ಅಂತರವನ್ನು ಅಳೆಯಿರಿ. ಬಹುತೇಕ ಯಂತ್ರಗಳಲ್ಲಿ ಅದು 0.7ರಿಂದ 0.8 ಮಿಲಿಮೀಟರ್. ‘ಏರ್ ಫಿಲ್ಟರ್ ತೊಳೆಯಿರಿ’ ಎಂದು ಉಪದೇಶಿಸುವವರೂ ಇದ್ದಾರೆ. ಚಳಿಗಾಲದಲ್ಲಿ ಧೂಳಿಲ್ಲದ ಕಾರಣ ಹೆಚ್ಚಿನ ಸ್ನೋ ಬ್ಲೋವರುಗಳಿಗೆ ಆ ಫಿಲ್ಟರೇ ಇರುವುದಿಲ್ಲ! ನೋಡದೆ ಹೇಳುವುದೆಂದರೆ ಇದೇ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಫಲವನ್ನು ಗಮನಿಸಿ, ಆಮೇಲೆ ಮುಂದುವರಿಯಿರಿ. ಮೂರು ಭಾಗಗಳನ್ನು ಒಟ್ಟಿಗೆ ಬದಲಿಸಿದವನಿಗೆ ಯಂತ್ರ ಸರಿಹೋದರೂ ರೋಗ ಯಾವುದೆಂದು ತಿಳಿಯುವುದಿಲ್ಲ. ಬಿಚ್ಚುವ ಮುನ್ನ ಎಂಜಿನ್ ತಣ್ಣಗಾಗಿರಲಿ, ಪ್ಲಗ್ಗಿನ ವೈರ್ ಕಳಚಿರಲಿ. ಮುಚ್ಚಿದ ಗ್ಯಾರೇಜಿನಲ್ಲಿ ಎಂದಿಗೂ ಓಡಿಸಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ವಾಸನೆಯಿಲ್ಲದೆ ಕೊಲ್ಲುತ್ತದೆ.

ನಮ್ಮ ಯಂತ್ರದ ಕಾರ್ಬುರೇಟರಿನ ತಳದ ಬಟ್ಟಲನ್ನು ಬಿಚ್ಚಿದಾಗ ಕಂಡದ್ದು ಹಳೆಯ ಪೆಟ್ರೋಲಿನ ಅಂಟು, ಅದರಡಿ ನಾಲ್ಕು ಹನಿ ನೀರು. ಜೆಟ್ಟಿನ ರಂಧ್ರವನ್ನು ಶುಚಿಮಾಡಿ ಹೊಸ ಪೆಟ್ರೋಲ್ ಹಾಕಿದೆವು, ಯಂತ್ರ ಓಡಿತು. ‘ಹೊಸ ಕಾರ್ಬುರೇಟರನ್ನೇ ಹಾಕಿಬಿಡಬಹುದಿತ್ತಲ್ಲ?’ ಎಂದು ಕೇಳುವವರಿಗೆ ನನ್ನ ಮರುಪ್ರಶ್ನೆ: ಬೇಸಿಗೆಯುದ್ದಕ್ಕೂ ಟ್ಯಾಂಕಿನಲ್ಲಿ ಕೊಳೆತ ಇಂಧನ ಹೊಸ ಜೆಟ್ಟನ್ನು ಮಾತ್ರ ಬಿಟ್ಟೀತೇ? ಅಮೆರಿಕದಲ್ಲಿ ಮಾರಾಟವಾಗುವ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ಶೇಕಡಾ 10ರವರೆಗೆ ಎಥನಾಲ್ ಇರುತ್ತದೆ. ಅದು ಗಾಳಿಯ ತೇವವನ್ನು ಹೀರುತ್ತದೆ. ತೇವ ಮಿತಿಮೀರಿದರೆ ನೀರಿನೊಡನೆ ಬೇರ್ಪಟ್ಟು ತಳಕ್ಕಿಳಿಯುತ್ತದೆ. ಕಾರಣವನ್ನು ಹಾಗೆಯೇ ಬಿಟ್ಟು ಭಾಗವನ್ನು ಬದಲಿಸುವುದು, ಸೋರುವ ಹಂಚನ್ನು ಬಿಟ್ಟು ಕೆಳಗೆ ಹೊಸ ಪಾತ್ರೆಯಿಟ್ಟಂತೆ.

ಎಲ್ಲ ಎಂಜಿನ್ನುಗಳೂ ಬದುಕುತ್ತವೆಂದು ನಾನು ವಾದಿಸುತ್ತಿಲ್ಲ. ಕನೆಕ್ಟಿಂಗ್ ರಾಡ್ ಮುರಿದಿದ್ದರೆ, ಸಿಲಿಂಡರ್ ಸವೆದು ಒತ್ತಡವೇ ಉಳಿದಿರದಿದ್ದರೆ ಬಿಸಾಡಿ. ಅದಕ್ಕೆ ಮರುಗುವುದು ಬೇಡ. ಆದರೆ ಮರಣಪತ್ರಕ್ಕೆ ಸಹಿ ಹಾಕುವ ಮುನ್ನ ನಾಡಿ ಹಿಡಿದು ನೋಡಬೇಡವೇ?

ಪ್ರೌಢಶಾಲೆಯ ಪಾಠದಲ್ಲಿ ನಾಲ್ಕು ಹೊಡೆತಗಳ ಎಂಜಿನ್ನಿನ ಚಿತ್ರ ಬರೆದು, ಭಾಗಗಳನ್ನು ಗುರುತಿಸಿ ಪೂರ್ಣ ಅಂಕ ಪಡೆದವರು ನೀವು. ಅದೇ ಎಂಜಿನ್ ಕಣ್ಣೆದುರು ಕೆಮ್ಮಿದಾಗ ಕೈಕಟ್ಟಿ ನಿಲ್ಲುವಂತೆ ಮಾಡುವ ವಿದ್ಯೆಯನ್ನು ವಿದ್ಯೆ ಎನ್ನಲು ನನಗೆ ಮನಸ್ಸಾಗದು. ಗೆರೆಗೆ ಅಂಕ, ಗ್ರೀಸಿಗೆ ಅವಮಾನ ಎಂದು ಕಲಿಸಿದ ಪರೀಕ್ಷಾಪದ್ಧತಿಯ ಫಲವಿದು.

ಊರಿನಲ್ಲಿರುವವರು ಇದು ಹಿಮದ ನಾಡಿನ ಕಥೆಯೆಂದು ನಗಬೇಡಿ. 2025ರ ವೇಳೆಗೆ ನಮ್ಮ ಬಂಕುಗಳ ಪೆಟ್ರೋಲಿನಲ್ಲಿಯೂ ಶೇಕಡಾ 20 ಎಥನಾಲ್ ಬಂದಿದೆ. ತೋಟದ ಕಳೆ ಕತ್ತರಿಸುವ ಯಂತ್ರವನ್ನು ಟ್ಯಾಂಕ್ ತುಂಬಿಸಿಯೇ ಮಳೆಗಾಲದುದ್ದಕ್ಕೂ ಮೂಲೆಗಿಟ್ಟರೆ ಅದೂ ಹೀಗೆಯೇ ಕೆಮ್ಮುತ್ತದೆ. ಅಲ್ಲಿರುವವರು ಏಪ್ರಿಲ್ ಬಂದೊಡನೆ ಟ್ಯಾಂಕನ್ನು ಬರಿದುಮಾಡಿ, ಉಳಿದದ್ದು ಮುಗಿಯುವವರೆಗೆ ಎಂಜಿನ್ ಓಡಿಸಿ ಒಳಗಿಡಿ. ಮಿನ್ನೆಸೋಟದ ಹಲವು ಬಂಕುಗಳಲ್ಲಿ ಎಥನಾಲ್ ಇಲ್ಲದ ಪೆಟ್ರೋಲೂ ಪ್ರತ್ಯೇಕ ಪಂಪಿನಲ್ಲಿ ದೊರೆಯುತ್ತದೆ. ಸಣ್ಣ ಎಂಜಿನ್ನಿಗೆ ಅದನ್ನೇ ಕೊಡಿ. ಬಿಚ್ಚುವಾಗ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಪಠ್ಯಪುಸ್ತಕ ಕಲಿಸದ್ದನ್ನು ಆ ಬಟ್ಟಲು ಕಲಿಸುತ್ತದೆ.